ನಾಲ್ಕು ಗಂಟೆಯವರೆಗೆ ರೆಸ್ಟ್

"ಶುಕ್ರವಾರವಾ? ಶುಕ್ರವಾರ ಅಂತ ಬರ್ದಿದ್ದಿಯಾ?" ಸುಮಿತ್ ತಂಗಿಯ ಕೈಯಿಂದ ಹಾಳೆ ಕಸಿದುಕೊಂಡು ಬಿದ್ದು ಬಿದ್ದು ನಕ್ಕ. "ಅಮ್ಮಾ, ಇಲ್ಲಿ ನೋಡಿ! ವಿನ್ನಿ ಜಪಾನಿನವರಿಗೂ ಶುಕ್ರವಾರ ರಜೆ ಕೊಟ್ಟಿದ್ದಾಳೆ!"

ವಿನಿತಾಳ ಕಿವಿ ಬಿಸಿಯಾಯಿತು. ಅವಳು ಹುಟ್ಟಿದ್ದು ಬಹ್ರೈನಿನಲ್ಲಿ, ಬೆಳೆದದ್ದು ಬುಸೈತೀನಿನ ಈ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಹತ್ತು ವರ್ಷದಿಂದ ಅವಳಿಗೆ ರಜೆ ಅಂದರೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಅಂದರೆ ಸ್ಕೂಲು. ಊರಿಗೆ ಹೋದಾಗಲಂತೂ ಎಲ್ಲ ದಿನವೂ ರಜೆಯೇ. ಜಪಾನಿನವರ ಲೆಕ್ಕ ಬೇರೆ ಅಂತ ಅವಳಿಗೇನು ಕನಸು ಬಿದ್ದಿತ್ತೇ?

"ಅಲ್ಲಿ ಭಾನುವಾರ ರಜೆ ಮಾರಾಯ್ತಿ," ಅಂದ ಸುಮಿತ್. ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ತನಗೆ ಗೊತ್ತಿಲ್ಲದ್ದು ಭೂಮಿಯ ಮೇಲೆ ಯಾವುದೂ ಇಲ್ಲ ಎಂಬಂತೆ ಅವನು ಮಾತಾಡುತ್ತಿದ್ದ.

"ಆಯ್ತು, ಭಾನುವಾರ. ಈಗ ಕೊಡು ಇಲ್ಲಿ." ವಿನಿತಾ ಹಾಳೆ ಎಳೆದುಕೊಂಡು ಶುಕ್ರವಾರದ ಮೇಲೆ ಗೀಟು ಹಾಕಿದಳು.

ಪ್ಲ್ಯಾನ್ ಮಾಡುತ್ತಿದ್ದದ್ದು ಪಪ್ಪನಿಗಾಗಿ. ಪಪ್ಪ, ಅಂದರೆ ಕಮಲಾಕ್ಷ, ಹಿದ್‌ನ ಬಂದರಿನಲ್ಲಿ ದೊಡ್ಡ ದೊಡ್ಡ ಕ್ರೇನುಗಳನ್ನು ರಿಪೇರಿ ಮಾಡುವ ಟೆಕ್ನಿಷಿಯನ್. ಹೊಸ ಕ್ರೇನಿನ ಕೆಲಸ ಕಲಿಯಲು ಕಂಪನಿ ಅವರನ್ನು ಎರಡು ವಾರ ಜಪಾನಿನ ನಗೋಯಾಕ್ಕೆ ಕಳಿಸುತ್ತಿತ್ತು. ನಡುವೆ ಒಂದೇ ಒಂದು ದಿನ ರಜೆ.

ನಗೋಯಾದಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ಹೋದರೆ ಬೆಟ್ಟಗಳ ನಡುವೆ ತಕಯಾಮಾ ಎಂಬ ಹಳೇ ಊರು ಸಿಗುತ್ತದೆ. ಮುನ್ನೂರು ವರ್ಷದ ಹಿಂದಿನ ಬೀದಿಗಳು, ಕಪ್ಪು ಮರದ ಮನೆಗಳು, ನಡುವೆ ಒಂದು ಹೊಳೆ, ಹೊಳೆಗೆ ಕೆಂಪು ಸೇತುವೆ. ಇದನ್ನು ಹುಡುಕಿದ್ದು ವಿನಿತಾ. ಶನಿವಾರ ಸಂಜೆ ಬಸ್ ಹತ್ತುವುದು, ರಾತ್ರಿ ಒಂದು ಸಣ್ಣ ಹೋಟೆಲಿನಲ್ಲಿ ಮಲಗುವುದು, ಭಾನುವಾರ ಇಡೀ ದಿನ ಊರು ನೋಡಿ ಸಂಜೆ ಏಳರ ಬಸ್ಸಿಗೆ ವಾಪಸ್ ಬರುವುದು. ಇದನ್ನು ನಿರ್ಧರಿಸಿದ್ದೂ ಅವಳೇ.

ಅವಳಿಗೆ ಇಷ್ಟು ಉಮೇದು ಬರಲು ಕಾರಣ ಇತ್ತು. ಈ ಮನೆಯವರು ಟ್ರಿಪ್ ಅಂತ ಎಲ್ಲಿಗೂ ಹೋದದ್ದೇ ಇಲ್ಲ. ಪಪ್ಪನಿಗೆ ರಜೆ ಸಿಕ್ಕಿದರೆ ಸೀದಾ ಊರಿಗೆ, ಕಟಪಾಡಿಗೆ. ಒಂದು ಸಲ ಚಿಕ್ಕಪ್ಪನ ಮದುವೆ, ಒಂದು ಸಲ ಅಜ್ಜಿಯ ಕಣ್ಣಿನ ಆಪರೇಷನ್, ಒಂದು ಸಲ ಮನೆಯ ಮಾಡು ರಿಪೇರಿ. ಪಕ್ಕದ ಬೆಂಚಿನ ಅಸ್ನಾಳ ಮನೆಯವರು ಬೇಸಗೆಯಲ್ಲಿ ಜಾರ್ಜಿಯಾಕ್ಕೆ ಹೋಗಿ ಬಂದಿದ್ದರು. ಅಂದಿನಿಂದ ಅಸ್ನಾ ಬಾಯಿ ತೆರೆದರೆ "ನಾವು ಜಾರ್ಜಿಯಾದಲ್ಲಿ ಇದ್ದಾಗ..." ಅಂತಲೇ ಶುರು. ವಿನಿತಾಳ ಹತ್ತಿರ ತಿರುಗಿ ಹೇಳಲು ಏನೂ ಇರಲಿಲ್ಲ.

ಪಪ್ಪ ಒಬ್ಬರೇ ಹೋಗುತ್ತಾರೆ, ನಿಜ. ಆದರೂ ಇದು ನಮ್ಮ ಮನೆಯ ಮೊದಲ ಟ್ರಿಪ್. ಒಂದೇ ಒಂದು ದಿನ. ಅದು ಹಾಳಾಗಬಾರದು. ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ.

"ಪಪ್ಪ, ಕೇಳಿ. ಓದ್ತೇನೆ."

ಊಟ ಮಾಡಿ ಸೋಫಾದಲ್ಲಿ ಕಾಲು ಚಾಚಿದ್ದ ಪಪ್ಪ ಅರ್ಧ ಕಣ್ಣು ತೆರೆದರು. ಹೊರಗೆ ಸುಡುಬಿಸಿಲು. ಕಿಟಕಿಯ ಪರದೆ ಎಳೆದಿತ್ತು, ಎಸಿ ಗುಂಯ್ ಅನ್ನುತ್ತಿತ್ತು.

"ಒಂಬತ್ತು ಗಂಟೆಗೆ ತಿಂಡಿ. ನಾಲ್ಕು ಗಂಟೆಯವರೆಗೆ ರೆಸ್ಟ್. ನಾಲ್ಕಕ್ಕೆ ಟೀ. ನಾಲ್ಕೂ ಮುಕ್ಕಾಲಿಗೆ ಹಳೇ ಕಾಲದ ಕಚೇರಿ, ಈಗ ಅದು ಮ್ಯೂಸಿಯಂ. ಐದೂವರೆಗೆ ಹಳೇ ಬೀದಿ, ಎಲ್ಲ ಅಂಗಡಿಯ ಒಳಗೂ ಹೋಗ್ಬೇಕು. ಆರೂ ಕಾಲಿಗೆ ಕೆಂಪು ಸೇತುವೆ, ಫೋಟೋ. ಏಳಕ್ಕೆ ಬಸ್."

"ಆಯ್ತು ಮಗಾ," ಅಂದರು ಪಪ್ಪ. ಮಗಳು ಏನು ಹೇಳಿದರೂ ಅವರದು ಇದೇ ಉತ್ತರ.

"ಬೆಳಿಗ್ಗೆ ಹೊಳೆ ಬದಿಯಲ್ಲಿ ತರಕಾರಿ ಸಂತೆ ಉಂಟಂತೆ. ಅದನ್ನು ಕಟ್ ಮಾಡಿದೆ. ತರಕಾರಿ ನೋಡ್ಲಿಕ್ಕೆ ಜಪಾನಿಗೆ ಹೋಗ್ಬೇಕಾ? ನೀವು ಪ್ರತಿ ವಾರ ಮುಹರ್ರಕ್ ಮಾರ್ಕೆಟಿಗೆ ಹೋಗ್ತೀರಲ್ಲ."

"ಆಯ್ತು."

"ಊಟಕ್ಕೆ ಎಂತ ಬರ್ದಿದ್ದಿ?" ಅಡುಗೆಮನೆಯಿಂದ ಅಮ್ಮ ಕೇಳಿದಳು. "ಮೀನಾದ್ರೂ ಸಿಗ್ತದಾ ಅಲ್ಲಿ?"

"ಹೊಳೆ ಮೀನು ಅಮ್ಮ. ಉಪ್ಪು ಹಾಕಿ ಸುಡ್ತಾರಂತೆ."

"ಬರೀ ಉಪ್ಪಾ? ಮೆಣಸು ಎಂತದೂ ಇಲ್ವಾ? ದೇವರೇ!" ಅಮ್ಮ ಕೈ ಒರೆಸುತ್ತ ಬಂದು ಹಾಳೆ ನೋಡಿದಳು. "ನಾಲ್ಕರವರೆಗೆ ರೆಸ್ಟ್ ಬರ್ದದ್ದು ಒಳ್ಳೆದಾಯ್ತು. ಬಿಸಿಲಲ್ಲಿ ಯಾರು ತಿರುಗ್ತಾರೆ? ತಂಪಾದ ಮೇಲೆ ಹೋಗ್ಲಿ."

ತಪ್ಪು ಹುಡುಕಲೆಂದೇ ಹುಟ್ಟಿದ ಸುಮಿತನಿಗೂ ಅದರಲ್ಲಿ ತಪ್ಪು ಸಿಗಲಿಲ್ಲ. ಈ ಮನೆಯಲ್ಲಿ ಯಾರೇ ಹೊರಗೆ ಹೊರಡಲಿ, ನಾಲ್ಕು ಗಂಟೆಯ ಮೇಲೆಯೇ. ಬೀಚಿಗೆ ಹೋಗುವುದಾದರೂ ಅಷ್ಟೇ, ಪಾರ್ಕಿಗೆ ಹೋಗುವುದಾದರೂ ಅಷ್ಟೇ. ವಿನಿತಾ ಪ್ಲ್ಯಾನನ್ನು ಚಂದದ ಅಕ್ಷರದಲ್ಲಿ ಇನ್ನೊಮ್ಮೆ ಬರೆದು ಪಪ್ಪನ ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟಳು.

ಆ ಭಾನುವಾರ ಬಂದೇ ಬಂತು. ಪಪ್ಪ ಜಪಾನಿನ ಬೆಟ್ಟದ ಊರಿನಲ್ಲಿ, ವಿನಿತಾ ಸ್ಕೂಲಿನಲ್ಲಿ. ಅಲ್ಲಿಯ ಗಡಿಯಾರ ಇಲ್ಲಿಗಿಂತ ಆರು ಗಂಟೆ ಮುಂದೆ. ಬೆಳಗ್ಗಿನಿಂದ ಅವಳು ಅದೇ ಲೆಕ್ಕ ಹಾಕುತ್ತಿದ್ದಳು. ಈಗ ಪಪ್ಪ ರೂಮಿನಲ್ಲಿ ಮಲಗಿರಬಹುದು. ಈಗ ಎದ್ದು ಮುಖ ತೊಳೆದಿರಬಹುದು.

ಹತ್ತು ಗಂಟೆಗೆ ಲೈಬ್ರರಿ ಪೀರಿಯಡ್. ತಕಯಾಮಾದಲ್ಲಿ ಸರಿಯಾಗಿ ನಾಲ್ಕು.

"ನನ್ನ ಪಪ್ಪ ಈಗ ಟೀ ಕುಡೀತಿದ್ದಾರೆ," ಅಂದಳು ಅಸ್ನಾಳಿಗೆ. "ಬಾ, ಅವರು ಇರುವ ಪ್ಲೇಸ್ ತೋರಿಸ್ತೇನೆ."

ಲೈಬ್ರರಿಯ ಐವಿ ಮಿಸ್ಸನ್ನು ಕೇಳಿ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಹಳೇ ಬೀದಿಯ ಫೋಟೋ ಬಂತು. ಅಸ್ನಾ ಬಾಯಿ ಬಿಟ್ಟು ನೋಡಿದಳು. ಜಾರ್ಜಿಯಾದಲ್ಲಿ ಇಂಥ ಬೀದಿ ಇರಲಿಲ್ಲ ಅಂತ ಅವಳೇ ಒಪ್ಪಿಕೊಂಡಳು. ವಿನಿತಾಳಿಗೆ ಎಂಥ ಖುಷಿ!

"ವಿನ್ನಿ, ನಿನ್ನ ಪಪ್ಪ ಎಷ್ಟು ಗಂಟೆಗೆ ಹೋಗ್ತಾರೆ ಅಲ್ಲಿಗೆ?"

"ಐದೂವರೆಗೆ."

"ಇಲ್ಲಿ ನೋಡು." ಅಸ್ನಾ ಫೋಟೋದ ಕೆಳಗೆ ಬೆರಳಿಟ್ಟು ಓದಿದಳು. ಬೆಳಿಗ್ಗೆಯೇ ಹೋಗಿ, ಹೆಚ್ಚಿನ ಅಂಗಡಿಗಳು ಐದು ಗಂಟೆಯೊಳಗೆ ಮುಚ್ಚುತ್ತವೆ ಅಂತ ಬರೆದಿತ್ತು. ಹಳೇ ಕಚೇರಿಯೂ ಅಷ್ಟು ಹೊತ್ತಿಗೇ ಬಂದ್. ಅಕ್ಟೋಬರ್ ತಿಂಗಳಲ್ಲಿ ಆರು ಗಂಟೆಗೆಲ್ಲ ಕತ್ತಲು.

ವಿನಿತಾ ಎರಡೆರಡು ಸಲ ಓದಿದಳು. ಅಂಗಡಿಗಳು ಸಂಜೆ ಮುಚ್ಚುವುದಾ? ಅವಳಿಗೆ ಗೊತ್ತಿದ್ದ ಸೂಕಿನಲ್ಲಿ, ಅಂದರೆ ಇಲ್ಲಿಯ ಹಳೇ ಪೇಟೆಯಲ್ಲಿ, ಮಧ್ಯಾಹ್ನ ಮುಚ್ಚಿದ ಅಂಗಡಿಗಳು ಸಂಜೆಯೇ ತೆರೆಯುತ್ತಿದ್ದವು, ದೀಪ ಹಾಕಿದ ಮೇಲೆಯೇ ಜನ ಬರುತ್ತಿದ್ದರು. ಅವಳು ಕುರ್ಚಿ ತಳ್ಳಿ ಐವಿ ಮಿಸ್ಸಿನ ಹತ್ತಿರ ಓಡಿದಳು.

"ಮಿಸ್! ಪ್ಲೀಸ್, ಅಮ್ಮನಿಗೆ ಒಂದು ಕಾಲ್ ಮಾಡ್ಬೇಕು. ತುಂಬ ಅರ್ಜೆಂಟ್ ಮಿಸ್!"

ಐವಿ ಮಿಸ್ ಮಂಗಳೂರಿನವರು. ಹುಡುಗಿಯ ಮುಖ ನೋಡಿ ಏನಾಯ್ತೋ ಎಂದು ಗಾಬರಿಯಾದರು. ವಿಷಯ ಕೇಳಿದ ಮೇಲೆ ನಗಲಿಲ್ಲ, ಸುಮ್ಮನೆ ಫೋನ್ ಕೊಟ್ಟರು.

"ಅಮ್ಮಾ, ಪಪ್ಪನಿಗೆ ಈಗಲೇ ಹೇಳಿ! ಟೀ ಬೇಡ, ಓಡ್ಲಿಕ್ಕೆ ಹೇಳಿ! ಐದಕ್ಕೆ ಎಲ್ಲ ಬಂದ್ ಆಗ್ತದಂತೆ!"

ಅಮ್ಮ ಮೆಸೇಜ್ ಕಳಿಸಿದಳು. ಆದರೆ ಪಪ್ಪನಿಗೆ ಅಲ್ಲಿ ವೈಫೈ ಇದ್ದ ಕಡೆ ಮಾತ್ರ ವಾಟ್ಸಾಪ್. ಐದು ನಿಮಿಷ ಬಿಟ್ಟು ಐವಿ ಮಿಸ್ ತಾವೇ ಫೋನ್ ಮಾಡಿ ಕೇಳಿದರು. "ಒಂದೇ ಟಿಕ್ ಅಂತೆ ಪುಟ್ಟಾ," ಅಂದರು. ಪೀರಿಯಡ್ ಮುಗಿಯುವಾಗಲೂ ಒಂದೇ ಟಿಕ್.

ಆಮೇಲೆ ಮ್ಯಾತ್ಸ್ ಆಯಿತು, ಸೈನ್ಸ್ ಆಯಿತು. ವಿನಿತಾಳ ಕಿವಿಗೆ ಏನೂ ಬೀಳಲಿಲ್ಲ. ಮುಚ್ಚಿದ ಬಾಗಿಲುಗಳ ಮುಂದೆ, ಕತ್ತಲಲ್ಲಿ, ಕೈಯಲ್ಲಿ ಅವಳ ಹಾಳೆ ಹಿಡಿದು ನಿಂತ ಪಪ್ಪ ಮಾತ್ರ ಕಾಣುತ್ತಿದ್ದರು. ಪಪ್ಪ ಬಹ್ರೈನಿಗೆ ಬಂದ ಹದಿನಾಲ್ಕು ವರ್ಷದಲ್ಲಿ ಸಿಕ್ಕಿದ ಒಂದು ದಿನ. ಅದನ್ನೂ ನಾನು ಹಾಳು ಮಾಡಿದೆ, ಅಂದುಕೊಂಡಳು. ಮನೆಗೆ ಬಂದು ಊಟವನ್ನೂ ಮುಟ್ಟಲಿಲ್ಲ.

ಸಂಜೆ ನಾಲ್ಕಕ್ಕೆ ಪಪ್ಪನ ವಿಡಿಯೋ ಕಾಲ್ ಬಂತು. ಅವರು ನಗೋಯಾದ ರೂಮಿಗೆ ವಾಪಸ್ ಬಂದಿದ್ದರು.

"ಸಾರಿ ಪಪ್ಪ," ಅಂದವಳೇ ವಿನಿತಾ ಅತ್ತುಬಿಟ್ಟಳು. "ಎಲ್ಲ ಬಂದ್ ಆಗಿತ್ತಲ್ಲ?"

ಪಪ್ಪ ತಲೆ ಕೆರೆದುಕೊಂಡರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಒಂದು ಕೈ ನೋಡಿದರು. "ಬಂದ್ ಅಂದ್ರೆ... ಹೊರಗಿಂದ ನೋಡಿದೆ ಮಗಾ. ಬಾಗಿಲುಗಳು ಒಳ್ಳೆ ಉಂಟು. ಮರದ್ದು."

ಸುಮಿತ್ ಕಿಸಕ್ಕೆಂದ. ಅಮ್ಮ ಅವನ ತಲೆಗೊಂದು ಮೊಟಕಿದಳು.

"ಬೆಳಿಗ್ಗೆ ಓಪನ್ ಇರ್ಲಿಲ್ವಾ?"

"ಇತ್ತು. ಹತ್ತು ಗಂಟೆಗೆ ಅದೇ ಬೀದಿಯಲ್ಲಿ ಹೋದೆ. ಎಲ್ಲ ಓಪನ್, ಜನವೋ ಜನ. ಆದ್ರೆ ನೀನು ಐದೂವರೆಗೆ ಅಂತ ಬರ್ದಿದ್ದಿ ಅಲ್ವಾ? ಆಗ ನೋಡುವ ಅಂತ ಮುಂದೆ ಹೋದೆ."

"ಅಯ್ಯೋ ಪಪ್ಪ!" ವಿನಿತಾ ಅಳು ನಿಲ್ಲಿಸಿ ಹಣೆ ಚಚ್ಚಿಕೊಂಡಳು. "ಮತ್ತೆ ರೂಮಿಗೆ ಹೋಗಿ ಮಲಗಿದ್ರಾ?"

"ರೂಮ್ ಎಲ್ಲಿ? ಹತ್ತಕ್ಕೇ ಖಾಲಿ ಮಾಡಿಸಿದ್ರು. ಬ್ಯಾಗ್ ಮಾತ್ರ ಅಲ್ಲಿ ಇಟ್ಟೆ. ಪ್ಲ್ಯಾನಲ್ಲಿ ನಾಲ್ಕರವರೆಗೆ ರೆಸ್ಟ್ ಉಂಟು, ರೆಸ್ಟ್ ಮಾಡ್ಬೇಕಲ್ಲ. ಹೊಳೆ ಬದಿ ಒಂದು ಬೆಂಚ್ ಇತ್ತು. ಅದ್ರಲ್ಲಿ ಕೂತೆ."

"ಎಷ್ಟು ಹೊತ್ತು?"

"ನಾಲ್ಕರವರೆಗೆ."

"ಆರು ಗಂಟೆ ಬೆಂಚಲ್ಲಿ!" ಸುಮಿತನಿಗೆ ಇನ್ನು ತಡೆಯಲಾಗಲಿಲ್ಲ. "ಜಪಾನಿಗೆ ಹೋಗಿ ಬೆಂಚು ನೋಡಿ ಬಂದ್ರು!"

ಆದರೆ ಪಪ್ಪನ ಮುಖದಲ್ಲಿ ಬೇಸರವೇ ಇರಲಿಲ್ಲ. ಅವರು ಫೋನಿನ ಹತ್ತಿರ ಬಂದರು.

"ನಿಂಗೆ ಹೇಗೆ ಹೇಳುದು ಮಗಾ? ಹನ್ನೆರಡು ಗಂಟೆಯ ಬಿಸಿಲು. ಸರೀ ನೆತ್ತಿ ಮೇಲೆ. ಆದ್ರೆ ಸುಡುದಿಲ್ಲ! ಹಿತ ಆಗ್ತದೆ. ಮೊದಲು ಜಾಕೆಟ್ ತೆಗ್ದೆ. ಆಮೇಲೆ ಶೂ ತೆಗ್ದೆ. ಹೊಳೆಯಲ್ಲಿ ಇಷ್ಟಿಷ್ಟು ದೊಡ್ಡ ಮೀನು, ಅವಕ್ಕೂ ಅರ್ಜೆಂಟಿಲ್ಲ. ಒಬ್ರು ಅಜ್ಜ ಬಂದು ಆಚೆ ತುದಿಯಲ್ಲಿ ಕೂತ್ರು. ಅವರಿಗೆ ನನ್ನ ಭಾಷೆ ಬರುದಿಲ್ಲ, ನಂಗೆ ಅವರದ್ದು ಬರುದಿಲ್ಲ. ಇಬ್ರೂ ಸುಮ್ನೆ ಕೂತೆವು. ನಂಗೆ ಅಲ್ಲೇ ನಿದ್ದೆ ಬಂತು."

ಪಪ್ಪ ಮತ್ತೆ ಹೇಳಿದರು. "ಮಧ್ಯಾಹ್ನ ಹೊರಗೆ ಹಾಗೆ ಕೂತು ಎಷ್ಟು ವರ್ಷ ಆಯ್ತು ಅಂತ ಯೋಚನೆ ಮಾಡಿದೆ. ನೆನಪಾಗ್ಲಿಲ್ಲ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ವಿನಿತಾ ಇಷ್ಟು ದಿನ ಕೂತು ಪ್ಲ್ಯಾನ್ ಮಾಡಿದಳು. ನಿಮಗೆ ಏನು ಬೇಕು ಅಂತ ಪಪ್ಪನನ್ನು ಒಂದು ಸಲವೂ ಕೇಳಿರಲಿಲ್ಲ.

ಮರುದಿನ ಸ್ಕೂಲಿನಲ್ಲಿ ಎರಡನೇ ಬ್ರೇಕ್. ಹನ್ನೆರಡಕ್ಕೆ ಹತ್ತಿರ. ಮಕ್ಕಳೆಲ್ಲ ಶೆಡ್ಡಿನ ನೆರಳಿನಲ್ಲಿ ಟಿಫಿನ್ ಬಿಚ್ಚಿದ್ದರು. ಆಚೆಗಿನ ಗ್ರೌಂಡ್ ಖಾಲಿ, ಒಂದು ಕಾಗೆಯೂ ಇರಲಿಲ್ಲ.

"ಹೇಳು, ನಿನ್ನ ಪಪ್ಪ ಎಂತೆಲ್ಲ ನೋಡಿದ್ರು?" ಅಸ್ನಾ ಹತ್ತಿರ ಸರಿದಳು.

ಮುಚ್ಚಿದ ಅಂಗಡಿಗಳ ಒಳಗೆ ಏನೇನಿತ್ತು ಅಂತ ಕಂಪ್ಯೂಟರಿನಲ್ಲಿ ನೋಡಿದ್ದನ್ನೇ ಹೇಳಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಒಂದು ಹೊಳೆ ನೋಡಿದ್ರು," ಅಂದಳು ವಿನಿತಾ. "ಮಧ್ಯಾಹ್ನದ ಬಿಸಿಲಲ್ಲಿ ಕೂತು. ಆರು ಗಂಟೆ."

"ಮಧ್ಯಾಹ್ನ? ಬಿಸಿಲಲ್ಲಿ? ಯಾರಾದ್ರೂ ಬಿಸಿಲಲ್ಲಿ ಕೂರ್ತಾರಾ?"

ವಿನಿತಾ ಎದ್ದು ಶೆಡ್ಡಿನ ನೆರಳು ದಾಟಿ ಗ್ರೌಂಡಿಗೆ ನಡೆದಳು. ಈ ಹೊತ್ತಿಗೆ ಅವಳು ಅಲ್ಲಿಗೆ ಕಾಲಿಟ್ಟದ್ದೇ ಇಲ್ಲ. ನಾಲ್ಕು ಹೆಜ್ಜೆಗೆ ನೆತ್ತಿ ಕಾದಿತು. ಕಣ್ಣು ಬಿಡಲಾಗಲಿಲ್ಲ. ಫುಟ್‌ಬಾಲ್ ಗೋಲಿನ ಕಂಬ ಹಿಡಿದಳು, ಥಟ್ಟನೆ ಕೈ ಬಿಟ್ಟಳು. ಅಂಗೈ ಚುರ್ರೆಂದಿತು.

ಕ್ರೇನಿನ ಏಣಿಯೂ ಕಬ್ಬಿಣದ್ದೇ. ಮನೆಯಲ್ಲಿ ಪರದೆ ಎಳೆದು ಎಸಿ ಹಾಕುವ ಹೊತ್ತಿಗೆ, ವಾರದ ಆರು ದಿನ, ಪಪ್ಪ ಅದನ್ನು ಹಿಡಿದು ಹತ್ತುತ್ತಾರೆ. ಮೇಲೆ ನೆರಳೂ ಇಲ್ಲ. ಸಂಜೆ ಬಂದು ಕಾಲು ಚಾಚಿ, ಎಲ್ಲದಕ್ಕೂ ಆಯ್ತು ಅನ್ನುತ್ತಾರೆ.

ಅವಳು ನೂರರವರೆಗೆ ಎಣಿಸುತ್ತ ನಿಂತಳು. ಬೆನ್ನಿನ ಮೇಲೆ ಬೆವರು ಇಳಿಯಿತು.

"ವಿನ್ನೀ! ಹುಚ್ಚಾ ನಿಂಗೆ? ಬಾ ಒಳಗೆ!" ಅಸ್ನಾ ಕೂಗಿದಳು.

ವಿನಿತಾ ವಾಪಸ್ ಬಂದು ಕೂತಳು. ಮುಖ ಕೆಂಪಾಗಿತ್ತು. ಬಾಟಲಿ ಎತ್ತಿ ಗಟಗಟ ನೀರು ಕುಡಿದಳು.

"ನನ್ನ ಪಪ್ಪನ ಟ್ರಿಪ್ ತುಂಬ ಒಳ್ಳೆದಾಯ್ತು," ಅಂದಳು. "ಕೇಳು, ಹೇಳ್ತೇನೆ."