ಗೋಲ್ ಹಿಂದಿನ ಸೀಟು

ಧಡ್ಡನೆ ಶಟರ್ ಬಿತ್ತು.

ಮಂಗಳೂರಿನ ಬೈಕಂಪಾಡಿಯ ಗೋಡೌನ್. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಒಂದೇ ಟ್ಯೂಬ್‌ಲೈಟು. ನನ್ನ ಬೆನ್ನ ಹಿಂದೆ, ಶಟರಿಗೆ ಅಡ್ಡವಾಗಿ ರೂಪೇಶ್ ನಿಂತಿದ್ದ. ಕೈಯಲ್ಲಿ ಕಬ್ಬಿಣದ ರಾಡು.

"ದೇಯಿ ಅಕ್ಕ, ನಿಮಗೆ ಇಲ್ಲಿ ಎಂತ ಕೆಲಸ?"

ಕೇಳಿದ್ದು ಅವನ ಧಣಿ ಸುಜಿತ್. ಮೇಜಿನ ಹಿಂದೆ ಕುಳಿತಿದ್ದ. ಮೈಮೇಲೆ ಬಿಳಿ ಜೆರ್ಸಿ, ಅದಕ್ಕೆ ಓರೆಯಾಗಿ ಕೆಂಪು ಪಟ್ಟಿ. ಅದು ರಾಯೊ ವಾಯೆಕಾನೊ ಎಂಬ ಸ್ಪೇನಿನ ಫುಟ್‌ಬಾಲ್ ಕ್ಲಬ್ಬಿನದು. ಆ ಕ್ಲಬ್ಬಿಗೆ ತಾನೇ ಇಂಡಿಯಾ ಏಜೆಂಟ್ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಮೋಕ್ಷಾಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದೆ."

ಮೋಕ್ಷಾ ಅಲ್ಲೇ ಇದ್ದಳು, ತನ್ನ ಸೂಟ್‌ಕೇಸಿನ ಮೇಲೆ ಕುಳಿತು. ಬೋಳಾರದ ಹುಡುಗಿ, ಕಾಲೇಜು ಟೀಮಿನ ಸ್ಟ್ರೈಕರ್. ಸಂಜೆ ಫ್ಲೈಟು. ಮೊದಲು ದುಬೈ, ಅಲ್ಲಿಂದ ಮ್ಯಾಡ್ರಿಡ್, ಕ್ಲಬ್ಬಿನಲ್ಲಿ ಟ್ರಯಲ್... ಸುಜಿತ್ ಹೇಳಿದ್ದು ಹಾಗೆ. ಅವಳ ಫೋನಿಗೆ ಬಂದ ವೀಸಾದಲ್ಲಿ ಸ್ಪೇನ್ ಎಂಬ ಹೆಸರೇ ಇಲ್ಲ ಎಂದು ಅವಳಮ್ಮ ಜಯ ಬೆಳಿಗ್ಗೆ ನನ್ನ ಆಫೀಸಿಗೆ ಓಡಿ ಬಂದಿದ್ದರು.

ಗಲ್ಫಿಗೆ ಹೋಗಿ ಕಾಣೆಯಾದವರನ್ನು ಹುಡುಕುವುದು ನನ್ನ ಕಸುಬು. ಎಲ್ಲರೂ ಸಿಗುವುದಿಲ್ಲ.

"ಮೋಕ್ಷಾ, ಆ ವೀಸಾ ಗಲ್ಫಿನ ಮನೆಗೆಲಸದ್ದು. ನಾನು ವಿಚಾರಿಸಿದೆ."

"ಅದು ದುಬೈ ದಾಟ್ಲಿಕ್ಕೆ ಟ್ರಾನ್ಸಿಟ್ ಫಾರ್ಮಾಲಿಟಿ ಅಷ್ಟೆ," ಸುಜಿತ್ ನಕ್ಕ.

"ನಾನು ಬರುವುದಿಲ್ಲ ಅಕ್ಕ," ಎಂದಳು ಮೋಕ್ಷಾ. "ಅಮ್ಮನಿಗೆ ಎಲ್ಲದಕ್ಕೂ ಹೆದರಿಕೆ."

ಅವಳನ್ನು ಬೈದು ಪ್ರಯೋಜನವಿಲ್ಲ. ಆ ಕ್ಲಬ್ ಮ್ಯಾಡ್ರಿಡ್‌ನ ವಾಯೆಕಾಸ್ ಎಂಬ ದುಡಿಯುವವರ ಬಡಾವಣೆಯದು. ಚಿಕ್ಕ ಸ್ಟೇಡಿಯಂ, ಅದೇ ಊರಿನ ದೊಡ್ಡ ಕ್ಲಬ್ಬುಗಳನ್ನು ಎದುರು ಹಾಕಿಕೊಂಡ ಜನ. ಮೊಬೈಲಿನಲ್ಲಿ ಅವರ ಒಂದು ಮ್ಯಾಚನ್ನೂ ಅವಳು ಬಿಟ್ಟಿರಲಿಲ್ಲ. ಅವಳು ನನ್ನನ್ನು ನಂಬುವುದಿಲ್ಲ. ಆ ಸ್ಟೇಡಿಯಮ್ಮನ್ನು ನಂಬುತ್ತಾಳೆ.

ನಾನು ಸುಜಿತ್ ಕಡೆ ತಿರುಗಿದೆ. "ನೀವು ಅಲ್ಲಿಗೆ ಹೋದದ್ದುಂಟಾ?"

"ತುಂಬ ಸಲ."

"ಎಲ್ಲಿ ಕೂತ್ಕೊಳ್ತೀರಿ?"

"ಗೋಲ್ ಹಿಂದೆ. ಒಳ್ಳೆ ಸೀಟು."

"ಯಾವ ಗೋಲ್?" ಈ ಸಲ ಕೇಳಿದ್ದು ಮೋಕ್ಷಾ.

"ಎರಡೂ ಕಡೆ ಕೂತಿದ್ದೇನೆ ಮಾರಾಯ್ತಿ. ಟಿಕೆಟ್ ಸಿಕ್ಕಿದ ಕಡೆ."

ಅವಳು ನಿಧಾನವಾಗಿ ಎದ್ದು ನಿಂತಳು.

"ಒಂದು ಕಡೆ ಸೀಟೇ ಇಲ್ಲ. ಗೋಲ್ ಹಿಂದೆ ಬರೀ ಗೋಡೆ. ಅದರ ಆಚೆ ಫ್ಲ್ಯಾಟ್‌ಗಳು. ಜನ ಬಾಲ್ಕನಿಯಲ್ಲಿ ನಿಂತು ಮ್ಯಾಚ್ ನೋಡ್ತಾರೆ."

ಅವಳು ಸುಜಿತ್‌ನ ಮುಂದೆ ಕೈ ಚಾಚಿದಳು.

"ನನ್ನ ಪಾಸ್‌ಪೋರ್ಟ್ ಕೊಡಿ."

ಸುಜಿತ್ ಕಣ್ಣು ಸನ್ನೆ ಮಾಡಿದ. ರೂಪೇಶ್ ರಾಡು ಬೀಸಿದ. ತಲೆ ತಪ್ಪಿಸಿಕೊಂಡೆ... ಏಟು ಎಡ ಭುಜಕ್ಕೆ ಬಿತ್ತು. ಮೇಜಿನ ಮೇಲೆ ಉರುಳಿದವಳು ಬಲಗೈಯಲ್ಲಿ ಡ್ರಾಯರ್ ಎಳೆದೆ. ಪಾಸ್‌ಪೋರ್ಟುಗಳ ಕಟ್ಟು! ಅಲ್ಲಿದ್ದದ್ದು ಅವಳೊಬ್ಬಳದೇ ಅಲ್ಲ. ಕಟ್ಟನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ರೂಪೇಶ್ ಮತ್ತೆ ರಾಡು ಎತ್ತಿದ. ಮೋಕ್ಷಾ ಅವನ ಮೊಣಕಾಲಿಗೆ ಒದ್ದಳು. ಅವನು ಕುಸಿದು ಕೂಗಿದ್ದು ಪಕ್ಕದ ವರ್ಕ್‌ಶಾಪಿಗೂ ಕೇಳಿರಬೇಕು.

ಸುಜಿತ್ ಮೇಜು ಸುತ್ತಿ ಬರುವಷ್ಟರಲ್ಲಿ ಶಟರನ್ನು ಒಂದು ಮೊಳ ಎತ್ತಿ ಇಬ್ಬರೂ ಹೊರಗೆ ತೆವಳಿದೆವು. ನನ್ನ ಎಡಗೈ ಏಳಲಿಲ್ಲ. ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ಅವಳೇ ಓಡಿಸಿದಳು.

"ಎಲ್ಲಿಗೆ ಅಕ್ಕ?"

"ಹೈವೇಗೆ. ಹಿಂದೆ ನೋಡ್ಬೇಡ."

ನಾನು ನೋಡಿದೆ. ಸುಜಿತ್‌ನ ಬಿಳಿ ಕಾರು. ಎರಡು ಟ್ಯಾಂಕರುಗಳ ನಡುವೆ ಅವಳು ನುಗ್ಗಿದಳು. ನನ್ನ ಮೊಣಕೈಗೆ ಟಯರಿನ ಬಿಸಿಗಾಳಿ ತಾಗಿತು. ಕಾರು ಹಿಂದೆ ಉಳಿಯಿತು, ಮತ್ತೆ ಬಂತು.

"ಎಡಕ್ಕೆ! ಗೇಟಿನ ಒಳಗೆ!"

ಅವನೂ ಹಿಂದೆಯೇ ಒಳಗೆ ನುಗ್ಗಿದ. ನಮ್ಮನ್ನೇ ನೋಡುತ್ತಿದ್ದವನು ಬೋರ್ಡು ಓದಿರಲಿಲ್ಲ. ಅದು ಪೊಲೀಸ್ ಸ್ಟೇಷನ್.

ಸ್ಟೇಷನ್ನಿನ ಜಗಲಿಯಲ್ಲಿ ಕುಳಿತ ಮೇಲೆ ಮೋಕ್ಷಾ ಅತ್ತಳು. ಹೆದರಿ ಅಲ್ಲ.

"ಅವನು ಆ ಜೆರ್ಸಿ ಹಾಕ್ಬಾರ್ದಿತ್ತು ಅಕ್ಕ," ಎಂದಳು.

ಕಟ್ಟಿನಲ್ಲಿದ್ದ ಉಳಿದ ಪಾಸ್‌ಪೋರ್ಟುಗಳ ಹುಡುಗಿಯರ ಮನೆಯವರನ್ನು ಪೊಲೀಸರು ಕರೆಸಿದರು. ಮೊದಲು ಬಂದವನು ಮನ್ವಿತಾ ಎಂಬವಳ ಅಪ್ಪ ಅಣ್ಣು. ಸೀದಾ ನನ್ನೆದುರು ಬಂದು ನಿಂತ.

"ನಮ್ಮ ಮಗಳ ಚಾನ್ಸ್ ಹಾಳು ಮಾಡಿದ್ರಲ್ಲ ನೀವು."

"ವೀಸಾ ಯಾವ ದೇಶದ್ದು ಅಂತ ನೋಡಿದ್ರಾ?"

"ಫಾರಿನ್ ಅಲ್ವಾ? ಯಾವುದಾದ್ರೆ ಎಂತ?"

ಮಗಳು ಹೋಗಿ ಕಾಣೆಯಾಗಿದ್ದರೆ ಮೊದಲು ನನ್ನ ಬಾಗಿಲು ತಟ್ಟುತ್ತಿದ್ದವನೂ ಇವನೇ.