ಡೇಲಿಯಾಗಳ ನಡುವೆ ನೀಲಿ ಅಂಗಿ

"ಇದು ನಮ್ಮ ಹುಡುಗನ ಬೆನ್ನಲ್ವೇನಮ್ಮ?"

ಪಕ್ಕದ ಮನೆಯ ಅಮ್ಮ ಕೇಳಿದ್ದೇನೋ ಮೆಲ್ಲಗೆ. ಆದರೆ ಲೈಬ್ರರಿಯ ಆ ಹಾಲ್‌ನಲ್ಲಿ ಪಿಸುಮಾತೂ ಮೊಳಗುತ್ತಿತ್ತು. ಚಿತ್ರ ನೋಡುತ್ತಿದ್ದವರೆಲ್ಲ ತಿರುಗಿದರು. ಡ್ರಾಯಿಂಗ್ ಟೀಚರ್‌ಗೆ ಕಿವಿಯ ತುದಿಯವರೆಗೆ ಬಿಸಿಯೇರಿತು.

"ಅದು... ಗಿಡದ ನೆರಳು, ಅಮ್ಮ."

"ನೆರಳಿಗೆ ಯಾರಾದ್ರೂ ನೀಲಿ ಅಂಗಿ ತೊಡಿಸ್ತಾರಾ? ಹೆತ್ತೋಳಿಗೆ ಮಗನ ಬೆನ್ನು ಗೊತ್ತಾಗಲ್ವಾ?" ಅಮ್ಮ ಮುಂದಿನ ಚಿತ್ರಕ್ಕೆ ಸರಿದರು. "ಇಲ್ಲೂ ಇದಾನೆ ನೋಡು, ಗುಲಾಬಿ ಹಿಂದೆ." ಹಾಲ್‌ ತುಂಬ ನಗು ಹರಡಿತು.

ಅದು ಅವಳ ಮೊದಲ ಪ್ರದರ್ಶನ. ಎಲ್ಲ ಚಿತ್ರಗಳೂ ಪಕ್ಕದ ಮನೆಯ ತೋಟದವೇ. ಅಣ್ಣನ ಮನೆಯ ಮಹಡಿಯ ಕೋಣೆ ಅವಳದು. ಅದರ ಕಿಟಕಿ ತೆರೆದರೆ ಕೆಳಗೆ ಆ ಅಮ್ಮನ ಮಗ, ಕನ್ನಡಕದ ಅಂಗಡಿಯವನ ಡೇಲಿಯಾ, ಗುಲಾಬಿ, ಸೇವಂತಿಗೆ. ಅಂಗಡಿಗೆ ಹೋಗುವ ಮೊದಲು ಅವನು ಅಲ್ಲಿ ನೀರು ಹಾಯಿಸುತ್ತಿದ್ದ. ಅವಳು ಬರೆಯಲು ಕೂತದ್ದು ಹೂವನ್ನೇ, ದೇವರಾಣೆ. ಆದರೆ ಎಷ್ಟು ತಿದ್ದಿದರೂ ತೋಟ ಖಾಲಿ ಖಾಲಿ ಅನ್ನಿಸುತ್ತಿತ್ತು. ಮೂಲೆಯಲ್ಲಿ ಆ ನೀಲಿ ಬೆನ್ನನ್ನು ಇಟ್ಟ ಮೇಲೆಯೇ ಹೂವುಗಳಿಗೆ ಜೀವ ಬರುತ್ತಿತ್ತು. ಇಷ್ಟು ಚಿಕ್ಕದು ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅಮ್ಮನನ್ನು ಕರೆತಂದವನು ಬಾಗಿಲಲ್ಲೇ ಇದ್ದ. ಆಮೇಲೆ ಒಳಗೆ ಬಂದು, ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೊಂದೇ ಚಿತ್ರದ ಮುಂದೆ ನಿಂತ. ಕೊನೆಯದನ್ನು ನೋಡಿದವನೇ ಸರಸರನೆ ಹೊರಟುಹೋದ.

"ಹೂವಿನ ಪ್ರದರ್ಶನ ಅಂತ ಬಂದ್ರೆ, ನಮ್ಮ ಹುಡುಗಿ ಮನಸ್ಸಿನ ಪ್ರದರ್ಶನ ಆಯ್ತಲ್ಲ," ಎಂದು ಅತ್ತಿಗೆ ಕಿವಿಯಲ್ಲಿ ಕಿಚಾಯಿಸಿದಳು. ನಾಚಿಕೆಯಿಂದ ಟೀಚರ್ ಹಿಡಿಯಷ್ಟಾದಳು.

ಆಮೇಲೆ ಕಿಟಕಿ ತೆರೆಯಲಿಲ್ಲ. ಜನ ನಕ್ಕಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಪಕ್ಕದವರ ಹಾಳೆಗೆ ಇಣುಕಬೇಡಿ ಎಂದು ತರಗತಿಯಲ್ಲಿ ಗದರುವ ತಾನು, ಪಕ್ಕದವರ ಬದುಕಿಗೇ ಇಣುಕಿದ್ದೆನಲ್ಲ? ತನ್ನ ಪಾಡಿಗೆ ತಾನು ಗಿಡ ನೋಡಿಕೊಂಡಿದ್ದವನನ್ನು ತಂದು ಗೋಡೆಗೆ ನೇತುಹಾಕಿದ್ದೆನಲ್ಲ?

ರಜೆಯ ಬೆಳಿಗ್ಗೆ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಅವನ ಗೇಟು ತೆರೆದಳು. ಮೇಲಿನಿಂದ ತಟ್ಟೆಯಂತೆ ಕಾಣುತ್ತಿದ್ದ ಡೇಲಿಯಾಗಳು ಇಲ್ಲಿ ಅವಳ ಎದೆಯೆತ್ತರಕ್ಕಿದ್ದವು. ಕನ್ನಡಕಕ್ಕೆ ಕಟ್ಟುವ ಹಳೆಯ ದಾರಗಳಿಂದ ಅವನ್ನು ಕೋಲುಗಳಿಗೆ ಬಿಗಿದಿದ್ದ.

"ನಿಮ್ಮನ್ನ ಕೇಳದೆ ಬರೆದೆ. ತಪ್ಪಾಯ್ತು," ಎಂದಳು ತಲೆ ಎತ್ತದೆ. "ಇಟ್ಕೊಳ್ತೀರೋ, ಹರಿದು ಹಾಕ್ತೀರೋ, ನಿಮ್ಮಿಷ್ಟ."

ಅವನು ಪೈಪು ಕೆಳಗಿಟ್ಟ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಕಟ್ಟನ್ನು ಮಾತ್ರ ಮುಟ್ಟಲಿಲ್ಲ.

"ಒಂದರಲ್ಲೂ ನನ್ನ ಮುಖ ಇಲ್ಲವಲ್ಲ, ಟೀಚರ್?"

"ನೀವು ತಿರುಗ್ತೀರಿ ಅನ್ನಿಸಿದ ತಕ್ಷಣ ಬಗ್ಗಿಬಿಡ್ತಿದ್ದೆ." ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ಗೊತ್ತು."

"ಏನು ಗೊತ್ತು?"

"ನಿಮ್ಮ ಕಿಟಕಿ ಕಿರ್ ಅನ್ನುತ್ತೆ. ತಿರುಗಿದ್ರೆ ನೀವು ಹೋಗಿಬಿಡ್ತೀರಿ ಅಂತ, ನೀರು ಹಾಕಿದ ಗಿಡಕ್ಕೇ ಮತ್ತೆ ಮತ್ತೆ ಹಾಕ್ತಾ ನಿಂತಿರ್ತಿದ್ದೆ. ಆ ಮೂಲೆ ಡೇಲಿಯಾ ಬೇರೇ ಕೊಳೆತುಹೋಯ್ತು, ನಿಮ್ಮ ದೆಸೆಯಿಂದ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತೆ ಹಾಲ್‌ನಿಂದ ಯಾಕೆ ಹಾಗೆ ಹೊರಟುಹೋದ್ರಿ?"

"ನಲವತ್ತು ದಾಟಿದವನು ನಾನು. ಅಷ್ಟು ಜನರ ಎದುರು ಹಲ್ಲು ಕಿಸಿದು ನಿಂತುಬಿಡ್ತೀನೇನೋ ಅಂತ ನಾಚಿಕೆ ಆಯ್ತು. ಅಂಗಡಿಗೆ ಹೋಗಿ ಬಾಗಿಲು ಹಾಕ್ಕೊಂಡು ನಕ್ಕೆ."

ಅವಳು ಮೊದಲ ಸಲ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿದ ಗುರುತು. ಅವನ ಕಿವಿಗಳೂ ಕೆಂಪಾಗಿದ್ದವು. ಅದನ್ನು ಕಂಡದ್ದೇ ಧೈರ್ಯವೆಲ್ಲ ಜಾರಿ, ಕಣ್ಣು ಮತ್ತೆ ನೆಲಕ್ಕಿಳಿಯಿತು.

"ನನಗೆ ನೀವಂದ್ರೆ ಇಷ್ಟ," ಎಂದಳು.

"ನನಗೆ ಹೇಳ್ತಿದೀರೋ, ನೆಲಕ್ಕೋ?"

"ಇವತ್ತು ನೆಲಕ್ಕೆ. ಮುಖ ನೋಡಿ ಹೇಳೋಷ್ಟು ಧೈರ್ಯ ಇನ್ನೂ ಬಂದಿಲ್ಲ."

ಅವನು ಅವಳ ಮುಂದೆ ಒದ್ದೆ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಅವಳ ಕಣ್ಣು ಇಳಿದಿದ್ದಲ್ಲಿಗೇ ತನ್ನ ಮುಖ ತಂದ.

"ಈಗ ಹೇಳಿ," ಎಂದ.