ಒಂದು ಮಣಿ ತಪ್ಪಿದ ಬಾಗಿಲು

ಬಹಳ ಹಿಂದೆ ಒಂದು ರಾಜ್ಯವಿತ್ತು. ಅದೆಷ್ಟು ಚಿಕ್ಕದೆಂದರೆ, ಅಂಥ ಸಾವಿರ ರಾಜ್ಯಗಳು ಒಂದು ಸಾಸಿವೆ ಕಾಳಿನ ಮೇಲೆ ಜಗಳವಿಲ್ಲದೆ ಕೂರಬಹುದಿತ್ತು. ಅಲ್ಲಿಯವರ ಊಟ ಕಬ್ಬಿಣದ ಪುಡಿ. ಅದು ಹೊರಗೋಡೆಯ ಬಾಗಿಲುಗಳಿಂದಲೇ ಒಳಗೆ ಬರಬೇಕು. ಬಾಗಿಲು ಮಾಡುವವರು ಬಡಗಿಗಳಲ್ಲ, ಹೆಂಗಸರು. ಅಜ್ಜಿಯರ ಕಾಲದ ಮಾದರಿ ನೋಡಿ ಬಣ್ಣಬಣ್ಣದ ಮಣಿ ಪೋಣಿಸುವರು. ಕೊನೆಯ ಮಣಿ ಬಿದ್ದೊಡನೆ ಸರ ತಾನಾಗಿಯೇ ಮಡಚಿಕೊಂಡು ಬಾಗಿಲಾಗುವುದು.

ಆ ರಾಜ್ಯಕ್ಕೆ ಸೂಜಿಮೂತಿ ಎಂಬ ಆರು ಕಾಲಿನ ಮಾಂತ್ರಿಕನ ಕಾಟ. ಬಾಗಿಲ ಹೊರಗಿನ ಹಿಡಿಕೆಗೆ ಕಾಲೂರಿ, ಮೂತಿ ಚುಚ್ಚಿ, ಒಳಗೆ ಮಂತ್ರ ಊದುವನು. ಪಕ್ಕದ ಕೋಟೆಯವರು ಹಾಗೆಯೇ ತಮ್ಮ ಹೆಸರು ಮರೆತು, ಹಗಲೆಲ್ಲ ಹೊಸ ಸೂಜಿಮೂತಿಗಳನ್ನು ತಯಾರಿಸಿ, ಕೊನೆಗೆ ಕೋಟೆ ಸಮೇತ ಒಡೆದುಹೋಗಿದ್ದರು.

ಒಮ್ಮೆ ಪೋಣಿಸುವವರಲ್ಲಿ ಕೆಂಚವ್ವ ಎಂಬವಳು ಒಂದು ಮಣಿ ತಪ್ಪಿಸಿದಳು. ಬಾಗಿಲು ಮುಷ್ಟಿಯಂತೆ ಮುಚ್ಚಿಕೊಂಡಿತು. ಕಬ್ಬಿಣ ಬರದೆ ಬೀದಿಯವರು ಸುಣ್ಣದಂತೆ ಬಿಳಿಚಿಕೊಂಡರು. ಇನ್ನೊಮ್ಮೆ ದೇವೀರಿ ಎಂಬವಳು ಒಂದು ಮಣಿ ತಪ್ಪಿಸಿದಳು. ಬಾಗಿಲು ಆಕಳಿಸಿದಂತೆ ಅಗಲವಾಯಿತು. ಕಬ್ಬಿಣದ ಹಿಂದೆಯೇ, ಕೋಟೆಯಾಚೆಯ ಬೂಷ್ಟಿನ ಕಾಡಿನಿಂದ ಹರಿದು ಬರುವ ವಿಷದ ನೀರೂ ನುಗ್ಗಿತು. ದೊರೆ ಗುಡುಗಿದ: "ಇನ್ನು ಮಣಿ ತಪ್ಪಿಸಿದವರು ಕೋಟೆಯ ಹೊರಗೆ!"

ಆಮೇಲೆ ಪೋಣಿಸಲು ಕೂತವಳು ಮಾಳಿ. ಅವಳ ಕಂಕುಳಲ್ಲಿ ಕೂಸು, ಕೈಯಲ್ಲಿ ದಾರ. ಕೂಸು ಮೂಗುತಿ ಎಳೆಯಿತು. ಕೆಂಪು ಮಣಿಯ ಜಾಗಕ್ಕೆ ನೀಲಿ ಬಿತ್ತು. ಬಾಗಿಲು ಮಡಚಿಕೊಂಡ ಮೇಲೆ ಮೇಲ್ವಿಚಾರಕ ಬೊಮ್ಮಯ್ಯ ಬಣ್ಣ ಎಣಿಸಿ ತಪ್ಪು ಹಿಡಿದ.

"ಕಣ್ಣೆಲ್ಲಿಟ್ಟಿದ್ದೆ ತಾಯಿ?"

"ಕೂಸಿನ ಮೇಲಿಟ್ಟಿದ್ದೆ. ನಿಮ್ಮಂಗೆ ಕೂತು ಎಣಿಸೋ ಕೆಲಸವಾ ನಂದು?"

"ನಡಿ ಹೊರಗೆ!"

ಹೊರಗೆ ಹೋದರೆ ತಾಯಿಮಗು ಇಬ್ಬರೂ ಉಳಿಯುವುದಿಲ್ಲ. ಮಾಳಿ ನೇರ ದೊರೆಯ ಮುಂದೆ ಹೋಗಿ ನಿಂತಳು. "ದೊರೆ, ಒಮ್ಮೆ ಬಾಗಿಲು ಹಚ್ಚಿ ನೋಡಿ. ಕೆಟ್ಟಿದ್ರೆ ನೀವು ತಳ್ಳೋದೇ ಬೇಡ, ನಾನೇ ಹೋಗ್ತೀನಿ."

ದೊರೆ ಒಪ್ಪಿದ. ಬಾಗಿಲು ಗೋಡೆಗೆ ಕೂತಿತು.

ಮೊದಲು ಕಬ್ಬಿಣದ ಗಾಡಿ ಬಂತು. ಬಾಗಿಲು ತೆರೆಯಿತು, ಗಾಡಿ ಒಳಗೆ ಬಂತು. ಆಮೇಲೆ ವಿಷದ ನೀರು ಬಂತು. ಬಾಗಿಲು ಒಂದು ಹನಿಯನ್ನೂ ಬಿಡಲಿಲ್ಲ. ಕೊನೆಗೆ ಸೂಜಿಮೂತಿಯೇ ಬಂದ. ನೀಲಿ ಮಣಿಯಿಂದ ಹಿಡಿಕೆ ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಒಂದು ಕಾಲಿಟ್ಟ, ಜಾರಿತು. ಆರೂ ಇಟ್ಟ, ಆರೂ ಜಾರಿದವು.

"ಹಿಡಿಕೆ ಎಲ್ಲಿ?" ಎಂದು ಕಿರುಚಿದ.

"ಮನೇಲೇ ಮರೆತು ಬಂದ್ಯೇನೋ, ಹೋಗಿ ನೋಡ್ಕೋ ಮಾವಯ್ಯ!" ಎಂದಳು ಮಾಳಿ ಒಳಗಿನಿಂದ.

ಅವನು ಬೇರೆ ಬಾಗಿಲು ಹುಡುಕಿ ಕೋಟೆ ಸುತ್ತುವಷ್ಟರಲ್ಲಿ ಹೆಂಗಸರು ಎಲ್ಲ ಬಾಗಿಲಿಗೂ ಅದೇ ಜಾಗದಲ್ಲಿ ನೀಲಿ ಮಣಿ ಹಾಕಿ ಮುಗಿಸಿದ್ದರು. ಸಿಟ್ಟಿಗೆದ್ದ ಸೂಜಿಮೂತಿ ಮಂತ್ರವನ್ನೆಲ್ಲ ಗಾಳಿಗೆ ಊದಿ, ಬರಿದಾಗಿ, ಒಣಗಿದ ಸಿಪ್ಪೆಯಂತೆ ಉದುರಿದ.

"ನಿನಗೆ ಹೇಗೆ ಹೊಳೆಯಿತಮ್ಮ?" ಎಂದ ದೊರೆ.

"ಹೊಳೀಲಿಲ್ಲ ದೊರೆ, ಕೈ ತಪ್ಪಿತು. ಹತ್ತು ಸಲ ತಪ್ಪಿದ್ರೆ ಒಂಬತ್ತು ಸಲ ಕೆಡುತ್ತೆ. ಎಸೆಯೋ ಮುಂಚೆ ನೋಡ್ಬೇಕು, ಅಷ್ಟೆ."

ದೊರೆ ಅಪ್ಪಣೆ ಹಿಂತೆಗೆದುಕೊಂಡು, ಬೊಮ್ಮಯ್ಯನನ್ನೂ ಮಣಿ ಪೋಣಿಸಲು ಕೂರಿಸಿದ. ಊಟದ ಹೊತ್ತಿಗೆ ಅವನು ಏಳು ಮಣಿ ತಪ್ಪಿಸಿದ್ದ. ಯಾರೂ ಹೊರಗಟ್ಟಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಬ್ಬಿಣ ಬಡಿಸಿ, ಎಲ್ಲರೂ ಕೆಂಪುಕೆಂಪಾಗಿ ನೂರು ಕಾಲ ಬಾಳಿದರು.